ಸ್ಟೆಲ್ಲಾರಿಸ್ ಕಲೀತಿದ್ದೀರಾ? ಮೊದಲ ಆಟ ಗೆಲ್ಲೋದಕ್ಕಲ್ಲ

ಗೇಮ್ ಕಲಿಕೆ ಸರಣಿ, ಭಾಗ 6

ಸ್ಟೆಲ್ಲಾರಿಸ್ ಹೊಸದಾಗಿ ಹಾಕ್ಕೊಂಡೋರು ಸಾಮಾನ್ಯವಾಗಿ ಏನು ಮಾಡ್ತಾರೆ ಹೇಳಿ? ಯೂಟ್ಯೂಬ್‌ನಲ್ಲಿ ಮೂರು ಗಂಟೆಯ ಗೈಡ್ ಹಾಕ್ಕೊಂಡು, ಅದರಲ್ಲಿರೋ ಬಿಲ್ಡನ್ನು ಹಾಗೇ ಕಾಪಿ ಮಾಡ್ತಾರೆ. ದಯವಿಟ್ಟು ಹಾಗೆ ಮಾಡ್ಬೇಡಿ.

ಕಾರಣ ಇದೆ. 2016ರ ಮೇ ತಿಂಗಳಲ್ಲಿ ಬಂದ ಈ ಗೇಮ್ ಹಾಗೇ ಉಳಿದಿಲ್ಲ. 2018ರ ಶುರುವಿನಲ್ಲಿ ಹಡಗುಗಳು ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುವ ರೀತಿಯೇ ಬದಲಾಯ್ತು. ಅದೇ ಡಿಸೆಂಬರ್‌ನಲ್ಲಿ ಗ್ರಹಗಳ ಆರ್ಥಿಕತೆ ಪೂರ್ತಿ ಹೊಸದಾಯ್ತು. 2025ರ ಮೇನಲ್ಲಿ ಬಂದ 4.0 ಜನಸಂಖ್ಯೆಯ ಲೆಕ್ಕವನ್ನೇ ಬದಲಿಸ್ತು. ಹಳೇ ಗೈಡ್‌ನಲ್ಲಿ ತೋರಿಸೋ ಬಟನ್ ನಿಮ್ಮ ಸ್ಕ್ರೀನ್ ಮೇಲೆ ಇಲ್ಲದೇ ಇರಬಹುದು. ಆಗ ನೀವು "ಇದು ನನ್ನ ತಲೆಗೆ ಹತ್ತಲ್ಲ" ಅಂತ ಗೇಮನ್ನೇ ಬಿಟ್ಟುಬಿಡ್ತೀರಿ. ಒಳ್ಳೇ ಗೇಮ್, ಸುಮ್ನೆ ಕೈತಪ್ಪಿ ಹೋಗುತ್ತೆ.

ಅದರ ಬದಲು ಹೀಗೆ ಶುರು ಮಾಡಿ.

ಡಿಎಲ್‌ಸಿ ಒಂದನ್ನೂ ಕೊಳ್ಳಬೇಡಿ. ಎಲ್ಲಾ ಸೇರಿದ್ರೆ ಮೂಲ ಗೇಮಿನ ಹಲವು ಪಟ್ಟು ದುಡ್ಡಾಗುತ್ತೆ, ಕಲಿಯೋ ವಿಷಯವೂ ಅಷ್ಟೇ ಹೆಚ್ಚುತ್ತೆ. ರೆಡಿ ಇರೋ ಯುನೈಟೆಡ್ ನೇಷನ್ಸ್ ಆಫ್ ಅರ್ಥ್ ತಗೊಳ್ಳಿ. 1000 ನಕ್ಷತ್ರದ ಗ್ಯಾಲಕ್ಸಿ ಬೇಡ, 200ರದ್ದು ಸಾಕು. ಕಷ್ಟದ ಮಟ್ಟ ಅತಿ ಕಡಿಮೆ ಇಡಿ. ನಾಚಿಕೆ ಪಡೋ ವಿಷಯ ಅಲ್ಲ ಅದು.

ಸ್ಪೇಸ್‌ಬಾರ್ ಒತ್ತಿದ್ರೆ ಆಟ ನಿಲ್ಲುತ್ತೆ. ಎಷ್ಟು ಸಲ ಬೇಕಾದ್ರೂ ನಿಲ್ಲಿಸಿ, ಯೋಚಿಸಿ, ಆರ್ಡರ್ ಕೊಡಿ. ಯಾವ ನಷ್ಟವೂ ಇಲ್ಲ.

ಮೇಲಿನ ಪಟ್ಟಿಯನ್ನು ಮನೆಯ ಖರ್ಚಿನ ಲೆಕ್ಕದ ಹಾಗೆ ಓದಿ. ಯಾವುದಾದ್ರೂ ಕೆಂಪಾಯ್ತಾ? ಮೌಸ್ ಅದರ ಮೇಲಿಡಿ. ಎಲ್ಲಿಂದ ಬರ್ತಿದೆ, ಎಲ್ಲಿಗೆ ಹೋಗ್ತಿದೆ ಅಂತ ಗೇಮೇ ಹೇಳುತ್ತೆ. ಉದಾಹರಣೆಗೆ, ಮಿನರಲ್ಸ್ ರಾಶಿ ಬಿದ್ದಿದೆ, ಆದ್ರೂ ಯುದ್ಧನೌಕೆ ಕಟ್ಟೋಕಾಗ್ತಿಲ್ಲ. ಯಾಕೆ? ನೌಕೆಗೆ ಬೇಕಿರೋದು ಅಲಾಯ್ಸ್. ಮಿನರಲ್ಸನ್ನು ಅಲಾಯ್ಸ್ ಮಾಡೋಕೆ ಗ್ರಹದಲ್ಲಿ ಮೆಟಲರ್ಜಿಸ್ಟ್‌ಗಳು ಇರಬೇಕು. ಈ ಕೊಂಡಿ ನೀವೇ ಹುಡುಕಿದ್ರೆ ಮರೆಯೋದೇ ಇಲ್ಲ.

ಎಲ್ಲಕ್ಕಿಂತ ಮುಖ್ಯ: ಸೋಲ್ತಿದ್ದೀರಿ ಅನ್ನಿಸಿದ ಕೂಡಲೇ ರೀಸ್ಟಾರ್ಟ್ ಮಾಡ್ಬೇಡಿ. ಆಟ 2200ರಲ್ಲಿ ಶುರುವಾಗುತ್ತೆ. ಪ್ರತಿ ಸಲ 2230ಕ್ಕೇ ಕೈಬಿಟ್ರೆ ಮೊದಲ 30 ವರ್ಷ ಬಾಯಿಪಾಠ ಆಗುತ್ತೆ, ಉಳಿದದ್ದು ಕಾಣೋದೇ ಇಲ್ಲ. ಒಕ್ಕೂಟಗಳು, ದೊಡ್ಡ ಯುದ್ಧಗಳು, ಇಡೀ ಗ್ಯಾಲಕ್ಸಿಗೇ ಬರೋ ಕ್ರೈಸಿಸ್ ಎಲ್ಲಾ ಆಮೇಲೆ. ಪಕ್ಕದ ರಾಜ್ಯ ನಾಲ್ಕು ನಕ್ಷತ್ರ ಕಿತ್ತುಕೊಂಡ್ರೂ ಆಟ ಮುಂದುವರಿಯುತ್ತೆ. ಉಳಿದದ್ದನ್ನ ಹೇಗೆ ಕಾಪಾಡ್ಕೊಳ್ಳೋದು ಅನ್ನೋದೂ ಇಲ್ಲಿ ಕಲಿಯೋ ವಿದ್ಯೆನೇ.

ಹಾಗಂತ ಗೈಡ್‌ಗಳು ದಂಡ ಅಂತಲ್ಲ. ಒಂದು ಆಟ ಮುಗಿಸಿ. ಆಗ ನಿಮ್ಮದೇ ಪ್ರಶ್ನೆಗಳು ಇರ್ತವೆ. ಆ ಪ್ರಶ್ನೆಗೆ ಉತ್ತರ ಹುಡುಕಿ, ವರ್ಷನ್ ನಂಬರ್ ನೋಡಿಕೊಂಡು.

ಗೇಮ್ ಮುಂದೆಯೂ ಬದಲಾಗುತ್ತೆ. ನಿಲ್ಲಿಸಿ ಓದೋ ಅಭ್ಯಾಸ ಇದ್ರೆ ಯಾವ ಅಪ್‌ಡೇಟ್ ಬಂದ್ರೂ ಚಿಂತೆ ಇಲ್ಲ.

ನೀವು ಯಾವ ವರ್ಷಕ್ಕೆ ಕೈಚೆಲ್ಲಿದ್ರಿ? ಕಾಮೆಂಟ್‌ನಲ್ಲಿ ಹೇಳಿ.

#ಸ್ಟೆಲ್ಲಾರಿಸ್ #ಕನ್ನಡಗೇಮಿಂಗ್ #ಗೇಮ್‌ಕಲಿಕೆ