ಕಾಗದದ ಮೇಲಿನ ಹೆಸರಿಗೆ ಹೆದರಬೇಕೆ?

ನಾನು ಸದಸ್ಯನಾಗಿರುವ ಒಂದು ವಿದ್ಯಾಸಂಸ್ಥೆಯ ಆಡಳಿತ ಮಂಡಳಿಗೆ ಕಳೆದ ತಿಂಗಳು ಒಂದು ಮನವಿ ಬಂದಿತು. ಪ್ರಸಾದ ನಿಲಯದ ಅಡುಗೆಯವರು, ಬಸ್ ಚಾಲಕರು, ಕಾವಲುಗಾರರು, ಕಸ ಗುಡಿಸುವವರು ಸೇರಿ 68 ಜನ ಸಂಘ ಕಟ್ಟಿಕೊಂಡಿದ್ದಾರೆ. ಸಂಬಳ, ಭವಿಷ್ಯ ನಿಧಿ, ವಾರದ ರಜೆ ಕುರಿತು ಮಾತನಾಡಲು ಒಂದು ದಿನ ಗೊತ್ತುಮಾಡಿ ಎಂದು ಕೇಳಿದ್ದರು. ಅಷ್ಟೇ. ಸಭೆಯಲ್ಲಿ ಅದನ್ನು ಯಾರೂ ಪೂರ್ತಿ ಓದಲಿಲ್ಲ. ಎಲ್ಲರ ಕಣ್ಣೂ ಕಾಗದದ ತಲೆಬರಹದ ಮೇಲೆ. ಸಂಘದ ಹೆಸರಿನ ಕೆಳಗೆ, ಅದು ಸೇರಿಕೊಂಡಿರುವ ಅಖಿಲ ಭಾರತ ಮಟ್ಟದ ಕಾರ್ಮಿಕ ಸಂಘಟನೆಯ ಹೆಸರು ಅಚ್ಚಾಗಿತ್ತು.

"ನಮ್ಮ ಮನಿ ಮಾತಿಗೆ ಹೊರಗಿನವರು ಯಾಕ್ರೀ?" ಎಂದರು ಹಿರಿಯರೊಬ್ಬರು. "ಮೊದಲು ಆ ಹೆಸರು ತೆಗೀಲಿ, ಆಮೇಲೆ ಮಾತಾಡೋಣ" ಎಂದರು ಇನ್ನೊಬ್ಬರು. ಮನವಿ ನಡಾವಳಿಯಲ್ಲಿ ದಾಖಲಾಗದೆ ಸಭೆ ಮುಂದಿನ ವಿಷಯಕ್ಕೆ ಹೋಯಿತು.

ನಾನೂ ಬಾಯಿ ಬಿಡಲಿಲ್ಲ. ಬಿಡಲು ನಾಚಿಕೆಯಾಯಿತು. ಸುಮಾರು ಮೂವತ್ತು ವರ್ಷಗಳ ಹಿಂದೆ ಕಾಲುವೆ ವಿಭಾಗವೊಂದರಲ್ಲಿ ಇಂಜಿನಿಯರ್ ಆಗಿದ್ದಾಗ ನಾನು ಮಾಡಿದ್ದೂ ಇದನ್ನೇ. ದಿನಗೂಲಿಯವರು ಮುಖಂಡರೊಬ್ಬರನ್ನು ಕರೆದುಕೊಂಡು ಬಂದಿದ್ದರು. ಸಂಘದ ಜೊತೆ ಮಾತಿಲ್ಲ, ಕಷ್ಟವಿದ್ದವರು ಒಬ್ಬೊಬ್ಬರಾಗಿ ಬಂದು ಹೇಳಲಿ ಎಂದೆ. ದೊಡ್ಡ ಮನಸ್ಸಿನ ಮಾತು ಆಡಿದೆನೆಂದೇ ಆಗ ತಿಳಿದಿದ್ದೆ. ಮರುದಿನ ಮೂವರು ಬಂದರು. ಮೂವರೂ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈಕಟ್ಟಿ ನಿಂತು, "ಏನಿಲ್ರಿ ಸಾಹೇಬ್ರ, ಎಲ್ಲಾ ಚಲೋ ಐತ್ರಿ" ಎಂದು ಹೋದರು. ಕೆಲಸದಿಂದ ತೆಗೆಯುವ ಅಧಿಕಾರ ಯಾರ ಕೈಯಲ್ಲಿದೆಯೋ ಅವನ ಮುಂದೆ ಒಬ್ಬನೇ ನಿಂತವನು ಇನ್ನೇನು ಹೇಳಿಯಾನು? ಎರಡು ತಿಂಗಳಿಗೆ ಕಾರ್ಮಿಕ ಇಲಾಖೆಯ ರಾಜಿ ಅಧಿಕಾರಿಯಿಂದ ನೋಟಿಸ್ ಬಂತು. ಅದೇ ಮುಖಂಡರ ಎದುರು, ಅದೇ ಮಾತಿಗೆ, ಇನ್ನೊಬ್ಬರ ಮೇಜಿನ ಮುಂದೆ ಕುಳಿತೆ. ತಡೆಗೋಡೆ ಕಟ್ಟುವಾಗ ಹಿಂದಿನ ನೀರು ಹೊರಹೋಗಲು ತೂತು ಬಿಡಬೇಕೆಂದು ಕಾಲೇಜಿನಲ್ಲಿ ಕಲಿತಿದ್ದೆ. ಕಚೇರಿಗೆ ಆ ಬುದ್ಧಿ ಬಂದಿರಲಿಲ್ಲ.

ಇನ್ನು "ಹೊರಗಿನವರು" ಎಂಬ ಮಾತು. 1918ರಲ್ಲಿ ಮದ್ರಾಸಿನ ಜವಳಿ ಗಿರಣಿ ಕಾರ್ಮಿಕರ ಸಂಘಕ್ಕೆ ಅಧ್ಯಕ್ಷರಾದ ಬಿ.ಪಿ. ವಾಡಿಯಾ ಗಿರಣಿಯಲ್ಲಿ ದುಡಿದವರಲ್ಲ, ಥಿಯಾಸಫಿಸ್ಟರು. ಮಾಲೀಕರು ಅವರ ಮೇಲೆ ಕೋರ್ಟಿಗೆ ಹೋದರು. ಸಂಘ ಕಟ್ಟಿದವರನ್ನು ಹೀಗೆ ದಾವೆ ಹೂಡಿ ಮಣಿಸಬಹುದೆಂದು ಕಂಡ ಮೇಲೆಯೇ ಎನ್.ಎಂ. ಜೋಶಿ ಮೊದಲಾದವರು ಪಟ್ಟು ಹಿಡಿದು, 1926ರ ಕಾರ್ಮಿಕ ಸಂಘಗಳ ಕಾಯ್ದೆ ಬಂದದ್ದು. ಆ ಕಾಯ್ದೆ ಪದಾಧಿಕಾರಿಗಳಲ್ಲಿ ಅರ್ಧದಷ್ಟು ಜನ ಹೊರಗಿನವರಿರಲು ಒಪ್ಪಿತ್ತು. 2001ರ ತಿದ್ದುಪಡಿಯಲ್ಲಿ ಅದು ಸಂಘಟಿತ ವಲಯಕ್ಕೆ ಮೂರನೆಯ ಒಂದು ಭಾಗ ಅಥವಾ ಐವರು, ಯಾವುದು ಕಡಿಮೆಯೋ ಅಷ್ಟಕ್ಕೆ ಇಳಿಯಿತು. ಸಂಘಗಳ ಒಕ್ಕೂಟವೂ ಕಾನೂನಿನ ಕಣ್ಣಿನಲ್ಲಿ ಕಾರ್ಮಿಕ ಸಂಘವೇ. ಯಾವ ಒಕ್ಕೂಟಕ್ಕೆ ಸೇರಬೇಕೆಂಬುದು ದುಡಿಯುವವರಿಗೆ ಬಿಟ್ಟದ್ದು. ಅದಕ್ಕೆ ಮಾಲೀಕನ ಒಪ್ಪಿಗೆ ಬೇಡ. ನಾವೇನು, ನಮ್ಮ ಸಂಸ್ಥೆಯ ಮೊಕದ್ದಮೆಗೆ ಹೊರಗಿನ ವಕೀಲರನ್ನು ಕರೆಯುವುದಿಲ್ಲವೇ?

ಆದರೆ ಒಂದು ಕೊರತೆ ಬಹಳ ಕಾಲ ಉಳಿಯಿತು. ಸಂಘ ಕಟ್ಟುವ ಹಕ್ಕು ಸಂವಿಧಾನದಲ್ಲಿದೆ. ಆ ಸಂಘದೊಡನೆ ಮಾತಿಗೆ ಕುಳಿತುಕೊಳ್ಳಲೇಬೇಕೆಂಬ ಕರ್ತವ್ಯ ಮಾಲೀಕನ ಮೇಲೆ ಇರಲಿಲ್ಲ. ಬ್ಯಾಂಕ್ ನೌಕರರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಂಘದ ಹಕ್ಕಿನಲ್ಲಿ ಪರಿಣಾಮಕಾರಿಯಾದ ಸಾಮೂಹಿಕ ಚೌಕಾಶಿಯ ಹಕ್ಕು ಅಡಗಿಲ್ಲ ಎಂದಿತು. 1947ರಲ್ಲೇ ಸಂಘಕ್ಕೆ ಮಾನ್ಯತೆ ಕಡ್ಡಾಯಗೊಳಿಸುವ ತಿದ್ದುಪಡಿ ಅಂಗೀಕಾರವಾಗಿತ್ತು. ಅದು ಎಂದೂ ಜಾರಿಗೆ ಬರಲಿಲ್ಲ. ಮಹಾರಾಷ್ಟ್ರ 1971ರಲ್ಲಿ ತನ್ನದೇ ಕಾನೂನು ಮಾಡಿಕೊಂಡಿತು. ಮಾನ್ಯತೆ ಪಡೆದ ಸಂಘದೊಡನೆ ಪ್ರಾಮಾಣಿಕವಾಗಿ ಮಾತನಾಡದಿರುವುದು ಅನುಚಿತ ನಡವಳಿಕೆ ಎಂದು ಕೇಂದ್ರದ ಕಾನೂನು ಆಮೇಲೆ ಹೇಳಿತು, ಸರಿ. ಮಾನ್ಯತೆಯನ್ನೇ ಕೊಡದಿದ್ದರೆ?

2025ರ ನವೆಂಬರ್ 21ರಿಂದ ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆ ಈ ಕೊರತೆಯನ್ನು ಒಂದಿಷ್ಟು ತುಂಬಿದೆ. ನೋಂದಾಯಿತ ಸಂಘವಿರುವ ಕಡೆ ಮಾಲೀಕನೊಡನೆ ಮಾತುಕತೆ ನಡೆಸುವ ಸಂಘ ಇರಲೇಬೇಕು. ಒಂದೇ ಸಂಘವಿದ್ದರೆ, ನಿಯಮಗಳಿಗೆ ಒಳಪಟ್ಟು, ಅದೇ. ಹಲವಿದ್ದರೆ ಹಾಜರಿ ಪಟ್ಟಿಯ ಶೇ. 51ರಷ್ಟು ಕಾರ್ಮಿಕರ ಬೆಂಬಲವಿರುವ ಸಂಘ. ಯಾರಿಗೂ ಅಷ್ಟಿಲ್ಲದಿದ್ದರೆ ಶೇ. 20 ಮತ್ತು ಮೇಲ್ಪಟ್ಟು ಬೆಂಬಲವಿರುವ ಸಂಘಗಳ ಮಂಡಳಿ. ಗುತ್ತಿಗೆದಾರನ ಹೆಸರಿನಲ್ಲಿ ದುಡಿಯುವವರು ಹೆಚ್ಚಾಗಿ ಈ ಪಟ್ಟಿಗೇ ಬರುವುದಿಲ್ಲ ಎಂಬುದು ಬೇರೆ ಗೋಳು. ಮುಷ್ಕರಕ್ಕೆ ಮೊದಲು ಎಲ್ಲ ಕೈಗಾರಿಕೆಗಳಲ್ಲೂ ನೋಟಿಸ್ ಕಡ್ಡಾಯ ಮಾಡಿರುವುದನ್ನು ಕಾರ್ಮಿಕ ಸಂಘಟನೆಗಳು ವಿರೋಧಿಸಿವೆ.

ನಮ್ಮಂಥವರನ್ನು ಕಾಡಬೇಕಾದ ಸಾಲು ಅದೇ ಸಂಹಿತೆಯ ವ್ಯಾಖ್ಯೆಯೊಳಗಿದೆ. 1978ರಲ್ಲಿ ಬೆಂಗಳೂರು ನೀರು ಸರಬರಾಜು ಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 'ಕೈಗಾರಿಕೆ' ಎಂಬ ಪದವನ್ನು ಹಿಗ್ಗಿಸಿ ಶಿಕ್ಷಣ ಸಂಸ್ಥೆ, ಆಸ್ಪತ್ರೆಗಳನ್ನೂ ಒಳಗೆ ತಂದಿತ್ತು. ಶಿಕ್ಷಕರು ಆ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಎಂದು 1988ರಲ್ಲಿ ತೀರ್ಪಾದರೂ ಅಡುಗೆಯವರಿಗೆ, ಚಾಲಕರಿಗೆ ಬಾಗಿಲು ತೆರೆದೇ ಇತ್ತು. ಹೊಸ ಸಂಹಿತೆ, ಪೂರ್ಣವಾಗಿ ಅಥವಾ ಬಹುಪಾಲು ದಾನಧರ್ಮ, ಸಮಾಜಸೇವೆಯಲ್ಲಿ ತೊಡಗಿರುವ ಸಂಘಸಂಸ್ಥೆಗಳು ನಡೆಸುವ ಸಂಸ್ಥೆಗಳನ್ನು ಕೈಗಾರಿಕೆಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಸಭೆ ಮುಗಿದ ಮೇಲೆ ನಮ್ಮ ವಕೀಲರು ಈ ಸಾಲನ್ನು ತೋರಿಸಿ, "ನಮಗೆ ಇದು ಅನ್ವಯಿಸೋದೇ ಇಲ್ಲ ಅಂತ ವಾದಿಸಬಹುದು" ಎಂದರು. ಕೆಲವರ ಮುಖ ಅರಳಿತು.

ವಾದಿಸಬಹುದು, ನಿಜ. ದಾಸೋಹದ ಹೆಸರು ಹೇಳಿ, ದಾಸೋಹಕ್ಕೆ ಅಕ್ಕಿ ಬೇಯಿಸುವವರ ಕಾಗದವನ್ನು ತಿರಸ್ಕರಿಸಬಹುದು. ಆಮೇಲೆ ಬಸವ ಜಯಂತಿಯ ದಿನ ಅನುಭವ ಮಂಟಪದ ಬಗ್ಗೆ ಯಾವ ಮುಖ ಹೊತ್ತು ಮಾತನಾಡುವುದು? ಮಡಿವಾಳರೂ ಅಂಬಿಗರೂ ತಮ್ಮ ಕಾಯಕದ ಹೆಸರಿನೊಂದಿಗೇ ಬಂದು ಕುಳಿತ ಸಭೆ ಅದು. ಆ ಹೆಸರು ಬಿಟ್ಟು ಬನ್ನಿ ಎಂದು ಯಾರೂ ಅವರಿಗೆ ಹೇಳಲಿಲ್ಲ.

ಸಂಬಳದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಒಬ್ಬರು ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯುತ್ತಾರೆ. ಹೆಚ್ಚು ಅಕ್ಕಿ ತಂದ ಗಂಡನಿಗೆ ಬುದ್ಧಿ ಹೇಳಿದ ತಾಯಿ. ಹೆಚ್ಚಿಗೆ ಬಯಸಬಾರದು ಎಂದು ಅದರರ್ಥವಂತೆ. ಆ ಮಾತು ಹೇಳಿದವಳು ಹೆಂಡತಿ, ಕೇಳಿಸಿಕೊಂಡವನು ಗಂಡ, ಇಬ್ಬರೂ ದುಡಿಯುವವರು. ಸಂಬಳ ಕೊಡುವವನು ಪಡೆಯುವವನಿಗೆ ಹೇಳಿದ ಮಾತಲ್ಲ ಅದು. ನಿವೃತ್ತಿ ವೇತನ ಪಡೆಯುವ ನಾನು ಅದನ್ನು ನಮ್ಮ ಚಾಲಕನಿಗೆ ಹೇಳಿದರೆ ಲಕ್ಕಮ್ಮನಿಗೆ ಮಾಡುವ ಅವಮಾನ.

ಕೇಳಿದ್ದೆಲ್ಲ ಕೊಡಬೇಕೆಂದು ನಾನು ಹೇಳುತ್ತಿಲ್ಲ. ಅನುದಾನವಿಲ್ಲದ ವಿಭಾಗಗಳ ಲೆಕ್ಕ ನನಗೂ ಗೊತ್ತು. ಮಾತುಕತೆಯ ಕರ್ತವ್ಯವೆಂದರೆ ಒಪ್ಪಲೇಬೇಕೆಂಬ ಕರ್ತವ್ಯವಲ್ಲ. ಎದುರು ಕುಳಿತು, ಲೆಕ್ಕ ತೋರಿಸಿ, ಆಗದ್ದನ್ನು ಏಕೆ ಆಗದೆಂದು ಹೇಳಿ, ಆಗುವುದನ್ನು ಬರೆದುಕೊಡುವುದು. ಸಂಹಿತೆ ನಮಗೆ ಅನ್ವಯಿಸಲಿ, ಬಿಡಲಿ, ಈ 68 ಜನರ ಸಂಘವನ್ನು ಮಂಡಳಿ ತಾನಾಗಿಯೇ ಮಾನ್ಯ ಮಾಡಬೇಕು, ಅವರು ಆರಿಸಿ ಕಳಿಸಿದವರೊಡನೆ, ಅವರಲ್ಲಿ ಹೊರಗಿನವರಿದ್ದರೂ, ಮೂರು ತಿಂಗಳಿಗೊಮ್ಮೆ ಕುಳಿತು ನಡಾವಳಿ ಬರೆಯಬೇಕು ಎಂದು ಟಿಪ್ಪಣಿ ಬರೆದು ಕಾರ್ಯದರ್ಶಿಗಳಿಗೆ ಕೊಟ್ಟಿದ್ದೇನೆ. ಪೂಜ್ಯರಿಗೂ ಒಂದು ಪ್ರತಿ ಮುಟ್ಟಿಸಿದ್ದೇನೆ. ಮಠಗಳ ಆಡಳಿತ ಮಂಡಳಿಗಳಲ್ಲಿರುವ ಶರಣ ಬಂಧುಗಳು ತಮ್ಮಲ್ಲಿ ಇಂಥ ಕಾಗದ ಬಂದಿದೆಯೇ, ಬಂದದ್ದು ಎಲ್ಲಿದೆ ಎಂದು ವಿಚಾರಿಸಬೇಕೆಂದು ಕೋರುತ್ತೇನೆ.

ಮೊನ್ನೆ ಪ್ರಸಾದದ ಹೊತ್ತಿಗೆ ಅಡುಗೆಮನೆಯ ಹಿರಿಯಕ್ಕ ಒಬ್ಬರು ಸಾರು ಬಡಿಸುತ್ತ, "ಸಾಹೇಬ್ರ, ನಮ್ಮ ಕಾಗದ ಓದೀರೇನ್ರಿ?" ಎಂದು ಕೇಳಿದರು. ನಾನು ಓದಿದ್ದೇನೆ, ಮಂಡಳಿ ಇನ್ನೂ ಓದಿಲ್ಲ ಎಂದೆ.