ಮೊದಲ ಗಾಡಿಗೆ ಎಷ್ಟು ಬಲ ಸಾಕು?



ಮಕ್ಕಳು ಕಾಲೇಜು ಸೇರಿದಾಗ, ಇಲ್ಲವೆ ಮೊದಲ ಕೆಲಸ ಸಿಕ್ಕಾಗ, ನಮ್ಮ ದೆಹಲಿ ಕನ್ನಡಿಗರ ಮನೆಗಳಲ್ಲಿ ತಪ್ಪದೆ ಏಳುವ ಚರ್ಚೆ ಒಂದುಂಟು: ಗಾಡಿ ಯಾವುದು? ಮಗ 350 ಸಿಸಿ ಬುಲೆಟ್ಟೇ ಆಗಬೇಕು ಎನ್ನುತ್ತಾನೆ. ಅಪ್ಪ, ಮೆಟ್ರೋ ಇರುವಾಗ ಗಾಡಿ ಯಾತಕ್ಕೆ ಎನ್ನುತ್ತಾರೆ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎಂಬಂತೆ ತಿಂಗಳುಗಟ್ಟಲೆ ವಾದ ನಡೆಯುತ್ತದೆ. ಮಗಳ ಸರದಿ ಬಂದಾಗ ಮಾತ್ರ ಮಾತು ಬೇಗ ಮುಗಿಯುತ್ತದೆ. "ಅವಳಿಗೇನು, ಒಂದು ಪುಟ್ಟ ಬ್ಯಾಟರಿ ಸ್ಕೂಟರ್ ಸಾಕು. ಲೈಸೆನ್ಸೂ ಬೇಡ, ನಂಬರ್ ಪ್ಲೇಟೂ ಬೇಡ."

ಈ ಸಲ ಆ 'ಸಾಕು' ಎಂಬ ಮಾತನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಲೈಸೆನ್ಸು ಬೇಡದ ಬ್ಯಾಟರಿ ಗಾಡಿಗೆ ಸರ್ಕಾರದ ನಿಯಮ ಹೀಗಿದೆ. ಮೋಟಾರಿನ ಶಕ್ತಿ 250 ವ್ಯಾಟ್ ಮೀರಬಾರದು, ವೇಗ ಗಂಟೆಗೆ 25 ಕಿಲೋಮೀಟರ್ ಮೀರಬಾರದು, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರಬಾರದು. ಈಗ 250 ವ್ಯಾಟ್ ಎಂದರೆ ಎಷ್ಟು? ಜೇಮ್ಸ್ ವ್ಯಾಟ್ ಮಹಾಶಯ ತನ್ನ ಉಗಿಯಂತ್ರವನ್ನು ಕುದುರೆಯ ಜೊತೆ ಹೋಲಿಸಿ ಕೊಟ್ಟ ಅಳತೆಯೇ ಅಶ್ವಶಕ್ತಿ. ಒಂದು ಅಶ್ವಶಕ್ತಿಗೆ 746 ವ್ಯಾಟ್. ಅಂದರೆ ನಮ್ಮ ಪುಟ್ಟ ಸ್ಕೂಟರಿನಲ್ಲಿರುವುದು ಒಂದು ಕುದುರೆಯ ಮೂರನೇ ಒಂದು ಪಾಲು!

ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ ನನಗೆ ದೊಡ್ಡ ಗಣಿತ ಬರುವುದಿಲ್ಲ. ಆದರೆ ಈ ಲೆಕ್ಕಕ್ಕೆ ಹೈಸ್ಕೂಲಿನ ವಿಜ್ಞಾನವೇ ಸಾಕು. ಬ್ಯಾಟರಿ ಸೇರಿ ಗಾಡಿ 75 ಕಿಲೋ, ನಡೆಸುವವರು 75 ಕಿಲೋ, ಒಟ್ಟು 150 ಎಂದಿಟ್ಟುಕೊಳ್ಳಿ. 20 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೇರುವ ಫ್ಲೈಓವರ್ ಎದುರಿಗಿದೆ. ಗಾಳಿಯ ತಡೆ, ಟೈರಿನ ತಡೆ ಎಲ್ಲವನ್ನೂ ಬಿಟ್ಟು ಲೆಕ್ಕ ಹಾಕಿದರೂ 250 ವ್ಯಾಟಿನಲ್ಲಿ ಈ ಗಾಡಿ ಏರುವುದು ಗಂಟೆಗೆ ಸುಮಾರು 12 ಕಿಲೋಮೀಟರ್ ವೇಗದಲ್ಲಿ. ಹಿಂದೆ 60 ಕಿಲೋ ತೂಕದ ಅಮ್ಮನೋ ಗೆಳತಿಯೋ ಕುಳಿತರೆ ಅದು 9ಕ್ಕೆ ಇಳಿಯುತ್ತದೆ. ಕೆಲವು ಮೋಟಾರುಗಳು ಸ್ವಲ್ಪ ಹೊತ್ತು ಹೆಚ್ಚು ಬಲ ಕೊಡುತ್ತವೆ, ನಿಜ. ಆದರೆ ಆ 'ಸ್ವಲ್ಪ ಹೊತ್ತು' ಮುಗಿಯುವುದು ಏರಿನ ನಡುವೆಯೇ.

ರಾವ್ ತುಲಾರಾಮ್ ಮಾರ್ಗದ ಫ್ಲೈಓವರನ್ನು ನೆನೆಸಿಕೊಳ್ಳಿ. ಆರ್.ಕೆ.ಪುರದ ಕರ್ನಾಟಕ ಸಂಘಕ್ಕೆ ಬರುವ ನಿಮಗೆ ಆ ರಸ್ತೆ ಗೊತ್ತೇ ಇದೆ. ಹಿಂದಿನಿಂದ ಬಸ್ಸು, ಪಕ್ಕದಲ್ಲಿ ಟ್ಯಾಕ್ಸಿ, ಎಲ್ಲರೂ ವಿಮಾನ ಹಿಡಿಯುವ ಅವಸರದಲ್ಲಿರುತ್ತಾರೆ. ಅಲ್ಲಿ ಸೈಕಲ್ಲಿನಂತೆ ತೆವಳುವ ಗಾಡಿ ಸುರಕ್ಷಿತವೇ? ನಿಧಾನವಾಗಿ ಹೋದರೆ ಅಪಾಯವಿಲ್ಲ ಎಂದು ನಾವು ಹಿರಿಯರು ನಂಬಿದ್ದೇವೆ. ಓಡುವ ರಸ್ತೆಯಲ್ಲಿ ಬಲ ಸಾಲದ ಗಾಡಿಯೂ ಒಂದು ಅಪಾಯವೇ. ಕಾಲೊನಿಯೊಳಗೆ ತರಕಾರಿ ತರಲು ಅದು ಒಳ್ಳೆಯದು, ಫ್ಲೈಓವರಿಗಲ್ಲ.

ಹಾಗಾದರೆ ಸಿಸಿ ಹೆಚ್ಚಿದ್ದಷ್ಟೂ ಒಳ್ಳೆಯದೇ? ಅದೂ ಅಲ್ಲ. ಸಿಸಿ ಎಂದರೆ ಎಂಜಿನ್ನಿನ ಹೊಟ್ಟೆಯ ಅಳತೆ, ಬಲದ ಅಳತೆಯಲ್ಲ. ನಿಮ್ಮ ಸೋದರಮಾವಂದಿರನ್ನು ಕೇಳಿ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳ ಬಗ್ಗೆ ಕಣ್ಣರಳಿಸಿ ಹೇಳುತ್ತಾರೆ. 1961ರಲ್ಲಿ ತಯಾರಿಕೆ ಆರಂಭಿಸಿ 1996ರಲ್ಲಿ ಬಾಗಿಲು ಹಾಕಿದ ಆ ಕಾರ್ಖಾನೆಯ 250 ಸಿಸಿ ಜಾವಾ, ಯೆಜ್ಡಿಗಳು ಕೊಡುತ್ತಿದ್ದುದು 12-13 ಅಶ್ವಶಕ್ತಿ. ಇಂದು ಅಷ್ಟೇ ಶಕ್ತಿಯನ್ನು 150-160 ಸಿಸಿಯ ಬೈಕು ಕೊಡುತ್ತದೆ. ಇನ್ನು ಗುಲ್ಮರ್ಗಿನಲ್ಲಿ ಹಿಮದ ಮೇಲೆ ಓಡುವ ಸ್ನೋ ಸ್ಕೂಟರ್ ನೋಡಿದ್ದೀರಲ್ಲವೇ? ಅಮೆರಿಕ, ಕೆನಡಾಗಳಲ್ಲಿ 120 ಸಿಸಿಯ ಅಂಥ ಗಾಡಿ ಚಿಕ್ಕ ಮಕ್ಕಳಿಗೆ. ದೊಡ್ಡವರು ಕೊಳ್ಳುವುದು ಸಾಮಾನ್ಯವಾಗಿ 500-600 ಸಿಸಿಯದು, ಏಕೆಂದರೆ ಮೆತ್ತನೆಯ ಹಿಮದಲ್ಲಿ ಮುನ್ನುಗ್ಗಲು ಬಹಳ ಬಲ ಬೇಕು. ಅದೇ 120 ಸಿಸಿ ನಮ್ಮ ಡಾಂಬರು ರಸ್ತೆಯಲ್ಲಿ ಇಬ್ಬರನ್ನು ಸಲೀಸಾಗಿ ಹೊರುತ್ತದೆ. ಆದ್ದರಿಂದ ಮೊದಲು ಕೇಳಬೇಕಾದದ್ದು ಎಷ್ಟು ಸಿಸಿ ಎಂದಲ್ಲ. ಎಷ್ಟು ಭಾರ, ಎಂಥ ದಾರಿ ಎಂದು.

350 ಸಿಸಿ ಬುಲೆಟ್ ಬೇಕೆನ್ನುವ ಹುಡುಗರಿಗೂ ಒಂದು ಮಾತು. ಅದರ ಶಕ್ತಿ ಸುಮಾರು 20 ಅಶ್ವಶಕ್ತಿ, ತೂಕ 195 ಕಿಲೋ. ಓಡುವಾಗ ಆ ತೂಕ ತಿಳಿಯುವುದಿಲ್ಲ. ಆಶ್ರಮ ಚೌಕದ ಟ್ರಾಫಿಕ್ಕಿನಲ್ಲಿ ಇಂಚಿಂಚು ಸರಿಯುವಾಗ, ಸೊಸೈಟಿಯ ಪಾರ್ಕಿಂಗಿನಲ್ಲಿ ಹಿಂದಕ್ಕೆ ಎಳೆಯುವಾಗ, ಒಂದು ಕಡೆಗೆ ವಾಲಿದಾಗ ತಿಳಿಯುತ್ತದೆ. ಅತಿಯಾದರೆ ಅಮೃತವೂ ವಿಷ. ಎರಡು ವರ್ಷ ಚಿಕ್ಕ ಗಾಡಿಯಲ್ಲಿ ಕೈ ಪಳಗಲಿ, ಬುಲೆಟ್ ಎಲ್ಲಿಗೂ ಓಡಿಹೋಗುವುದಿಲ್ಲ.

ನಡುವಿನ ದಾರಿ ಯಾವುದು? ದೊಡ್ಡವರೊಬ್ಬರು, ಆಗಾಗ ಹಿಂದೆ ಇನ್ನೊಬ್ಬರು, ನಡುವೆ ನಾಲ್ಕಾರು ಫ್ಲೈಓವರ್ ಎಂದರೆ 110ರಿಂದ 125 ಸಿಸಿಯ ಗೇರಿಲ್ಲದ ಸ್ಕೂಟರ್ ಹೊಂದುತ್ತದೆ. ಅದರಲ್ಲಿ ಸುಮಾರು 8 ಅಶ್ವಶಕ್ತಿ ಇರುತ್ತದೆ. ಬ್ಯಾಟರಿಯದೇ ಬೇಕೆಂದರೆ ನೋಂದಣಿ ಆಗುವ, ಲೈಸೆನ್ಸು ಬೇಕಾಗುವ, ಕೆಲವು ಸಾವಿರ ವ್ಯಾಟಿನ ಸ್ಕೂಟರುಗಳಿವೆ. ಬೆಂಗಳೂರಿನ ಏಥರ್ 2018ರಲ್ಲಿ ತಂದದ್ದು ಅಂಥದ್ದೇ. ಅಂಗಡಿಯವರು ಕ್ಷಣಕಾಲದ ಗರಿಷ್ಠ ಶಕ್ತಿಯನ್ನೇ ದೊಡ್ಡದಾಗಿ ಹೇಳುತ್ತಾರೆ. ನಿರಂತರ ಕೊಡುವ ಶಕ್ತಿ ಎಷ್ಟು ಎಂದೂ ಕೇಳಿ. ದೆಹಲಿಯ ಜನವರಿ ಚಳಿಯಲ್ಲಿ ಬ್ಯಾಟರಿ ಓಡುವ ದೂರ ಕಡಿಮೆಯಾಗುತ್ತದೆ ಎಂಬುದೂ ನೆನಪಿರಲಿ.

ಕೊಳ್ಳುವ ಮುನ್ನ ಇಷ್ಟು ಮಾಡಿ. ಸೀಟಿನ ಮೇಲೆ ಕುಳಿತಾಗ ಎರಡೂ ಪಾದ ನೆಲಕ್ಕೆ ಊರುತ್ತವೆಯೇ ನೋಡಿ. ಮೇನ್ ಸ್ಟ್ಯಾಂಡ್ ಹಾಕಿ, ತೆಗೆದು ನೋಡಿ. ಟೆಸ್ಟ್ ರೈಡಿಗೆ ಒಬ್ಬರೇ ಹೋಗಬೇಡಿ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಒಂದು ಏರು ಹತ್ತಿಸಿ, ನಡುವೆ ನಿಲ್ಲಿಸಿ ಮತ್ತೆ ಹೊರಡಿಸಿ. ಗಾಡಿಯ ಕೈಪಿಡಿಯಲ್ಲಿ ಹೊರಬಹುದಾದ ಭಾರ ಬರೆದಿರುತ್ತದೆ, ಓದಿ. 2019ರ ಏಪ್ರಿಲಿನಿಂದ 125 ಸಿಸಿ ಮೀರಿದ ಹೊಸ ಗಾಡಿಗಳಿಗೆ ಎಬಿಎಸ್, ಉಳಿದವಕ್ಕೆ ಕನಿಷ್ಠ ಸಿಬಿಎಸ್ ಬ್ರೇಕು ಕಡ್ಡಾಯವಾಯಿತು. ಹಳೆಯ ಗಾಡಿ ಅಗ್ಗಕ್ಕೆ ಸಿಕ್ಕಿತೆಂದು ಕೊಂಡರೆ ಅದು ಇರಲಿಕ್ಕಿಲ್ಲ. ಗೇರಿಲ್ಲದ ಗಾಡಿಯ ಲೈಸೆನ್ಸಿನಲ್ಲಿ ಗೇರಿನ ಬೈಕು ಓಡಿಸುವಂತಿಲ್ಲ. ಹದಿನೆಂಟು ತುಂಬದ ತಮ್ಮ, ತಂಗಿಯರ ಕೈಗೆ ಕೀಲಿ ಕೊಡಬೇಡಿ. 2019ರ ತಿದ್ದುಪಡಿಯಂತೆ ಹೆತ್ತವರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು.

ಮಯೂರ್ ವಿಹಾರದಲ್ಲಿ ನನ್ನ ಪರಿಚಯದ ಹುಡುಗಿಯೊಬ್ಬಳಿದ್ದಾಳೆ. ಅವಳಿಗೂ ಮನೆಯಲ್ಲಿ ಪುಟ್ಟ ಸ್ಕೂಟರೇ ಗೊತ್ತಾಗಿತ್ತು. ಅವಳು ಜಗಳಕ್ಕೆ ಹೋಗಲಿಲ್ಲ. ಒಂದು ಹಾಳೆಯಲ್ಲಿ ತನ್ನ ತೂಕ 62, ಅಮ್ಮನದು 70, ಚೀಲ 6, ಒಟ್ಟು 138 ಕಿಲೋ ಎಂದು ಬರೆದು, ದಾರಿಯ ಫ್ಲೈಓವರುಗಳ ಹೆಸರನ್ನೂ ಕೆಳಗೆ ಬರೆದು ಅಪ್ಪನ ಮುಂದಿಟ್ಟಳು. "ಅಪ್ಪಾ, ಅಣ್ಣನ ತೂಕ ನನಗಿಂತ ಎಂಟೇ ಕಿಲೋ ಹೆಚ್ಚು" ಎಂದಳಂತೆ. ಅಪ್ಪ ಹಾಳೆಯನ್ನು ಎರಡು ಸಲ ಓದಿದರು. ಮುಂದಿನ ಭಾನುವಾರ 125 ಸಿಸಿ ಸ್ಕೂಟರ್ ಮನೆಗೆ ಬಂತು, ಜೊತೆಗೆ ಎರಡು ಹೆಲ್ಮೆಟ್ಟೂ ಬಂದವು.

ಹೆಲ್ಮೆಟ್ಟಿನ ಕಥೆಯೂ ಇಂಥದೇ. ದೆಹಲಿಯಲ್ಲಿ ಬಹಳ ಕಾಲ ಹೆಂಗಸರಿಗೆ ಅದು ಕಡ್ಡಾಯವಿರಲಿಲ್ಲ. ಸಿಖ್ ಮಹಿಳೆಯರನ್ನು ಬಿಟ್ಟು ಉಳಿದೆಲ್ಲ ಹೆಂಗಸರಿಗೆ ಕಡ್ಡಾಯವಾದದ್ದು 2014ರಲ್ಲಿ. ಹೆಣ್ಣುಮಕ್ಕಳಿಗೆ ಸ್ವಲ್ಪ ಕಡಿಮೆ ಇದ್ದರೂ ನಡೆಯುತ್ತದೆ ಎಂಬ ಅಭ್ಯಾಸ ನಮ್ಮ ಮನೆಗಳಲ್ಲೂ ಇದೆ, ಸರ್ಕಾರದಲ್ಲೂ ಇತ್ತು. ಫ್ಲೈಓವರಿನ ಏರು ಮಾತ್ರ ಎಲ್ಲರಿಗೂ ಒಂದೇ. ಲೈಸೆನ್ಸು ಬೇಡದ ಗಾಡಿಯಾದರೂ ಐಎಸ್‌ಐ ಗುರುತಿನ ಹೆಲ್ಮೆಟ್ ಹಾಕಿ, ಕುತ್ತಿಗೆಯ ಪಟ್ಟಿ ಬಿಗಿಯಿರಿ.

ಈ ಭಾನುವಾರ ನೀವೂ ಒಂದು ಹಾಳೆ ತೆಗೆದುಕೊಂಡು ಕುಳಿತುಕೊಳ್ಳಿ. ಮಗ, ಮಗಳು ಇಬ್ಬರೂ ಬರೆಯಲಿ. ಮುಂದಿನ ತಿಂಗಳು ಮತ್ತೆ ಭೇಟಿಯಾಗೋಣ. ಅಲ್ಲಿಯವರೆಗೆ, ನಿಧಾನವಾಗಿ ಅಲ್ಲ, ಜೋಪಾನವಾಗಿ ಹೋಗಿ ಬನ್ನಿ.