ಬೇಸಗೆಯ ತಂಪು: ಕೊಳ್ಳುವುದೋ, ಮಾಡಿಕೊಳ್ಳುವುದೋ?

ವಾರ್ಷಿಕ ಪರೀಕ್ಷೆಗಳು ಮುಗಿದು ಶಾಲೆಯ ಬಾಗಿಲು ಮುಚ್ಚುವ ಹೊತ್ತಿಗೆ ಮುಂಬಯಿಯ ಬೇಸಗೆಯು ತನ್ನ ಪ್ರತಾಪವನ್ನು ತೋರಿಸಲು ತೊಡಗುತ್ತದೆ. ವಿಜಯಪುರ, ಕಲಬುರಗಿಗಳ ಬಿಸಿಲು ಒಣ ಬಿಸಿಲು. ಮರದ ನೆರಳಿಗೆ ಬಂದರೆ ಜೀವಕ್ಕೆ ಹಿತವೆನಿಸುತ್ತದೆ. ಕಡಲ ತಡಿಯ ಈ ನಗರದಲ್ಲಾದರೋ ಗಾಳಿಯಲ್ಲಿಯೇ ನೀರಿನ ಅಂಶ ತುಂಬಿರುವುದರಿಂದ ಮೈಯ ಬೆವರು ಆರುವುದೇ ಇಲ್ಲ. ನೆರಳಿನಲ್ಲಿ ಕುಳಿತವನಿಗೂ ಸಮಾಧಾನವಿಲ್ಲ. ಹೀಗಿರುವಲ್ಲಿ ಬಾಲಕ ಬಾಲಿಕೆಯರ ಮನಸ್ಸು ತಣ್ಣನೆಯ ತಿನಿಸಿನತ್ತ ಹರಿಯುವುದು ಸಹಜವೇ ಸರಿ. ಅದನ್ನು ತಪ್ಪೆಂದು ಗದರಿಸುವವರ ಗುಂಪಿಗೆ ನಾವು ಸೇರಿದವರಲ್ಲ. ಆದರೆ ಆ ತಂಪನ್ನು ಯಾವಾಗಲೂ ಕಾಸು ಕೊಟ್ಟೇ ಕೊಳ್ಳಬೇಕೆ, ನಮ್ಮ ಕೈಯಿಂದ ಮಾಡಿಕೊಳ್ಳಬಾರದೆ ಎಂಬ ಪ್ರಶ್ನೆಯನ್ನು ರಜೆಗೆ ಮುನ್ನ ನಿಮ್ಮ ಮುಂದೆ ಇಡಬಯಸುತ್ತೇವೆ. ಮೊಸರು ಮತ್ತು ಹಣ್ಣುಗಳಿಂದ ಮನೆಯಲ್ಲಿಯೇ ಐಸ್ ಕ್ಯಾಂಡಿಯನ್ನು ಮಾಡಿಕೊಳ್ಳುವುದೇ ಲೇಸೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಹೇಳುತ್ತೇವೆ. ಒಪ್ಪುವುದು ಬಿಡುವುದು ನಿಮ್ಮ ವಿವೇಚನೆಗೆ ಸೇರಿದ್ದು.

ಮೊದಲನೆಯ ಕಾರಣ ನೀರು. ಹೆರೆದ ಮಂಜುಗಡ್ಡೆಯನ್ನು ಕಡ್ಡಿಯ ಸುತ್ತ ಉಂಡೆ ಕಟ್ಟಿ, ಕೆಂಪು ಹಳದಿಯ ರಸವನ್ನು ಸುರಿದು ಕೊಡುವ ಗೋಲಾ ನೋಡಲು ಚೆಲುವೇ. ಆದರೆ ಆ ಮಂಜುಗಡ್ಡೆ ಯಾವ ನೀರಿನದು, ಯಾವ ಗೋಣಿಯಲ್ಲಿ ಸುತ್ತಿಕೊಂಡು ಬಂದಿತು ಎಂಬುದು ತಿನ್ನುವವನಿಗೆ ತಿಳಿಯದು; ಎಷ್ಟೋ ಸಲ ಮಾರುವವನಿಗೂ ತಿಳಿಯದು. ನಗರದಲ್ಲಿ ತಿನ್ನುವುದಕ್ಕೆಂದು ಮಾಡಿದ ಮಂಜುಗಡ್ಡೆಯೂ ಉಂಟು, ಮೀನು ಮೊದಲಾದ ಬೇಗ ಕೆಡುವ ಸರಕನ್ನು ಕಾಪಾಡುವುದಕ್ಕೆಂದು ಮಾಡಿದ್ದೂ ಉಂಟು. ಇವೆರಡೂ ನೋಟಕ್ಕೆ ಒಂದೇ ಆಗಿದ್ದುದರಿಂದಲೇ, ತಿನ್ನಲು ಯೋಗ್ಯವಲ್ಲದ ಮಂಜುಗಡ್ಡೆಗೆ ನೀಲಿ ಬಣ್ಣವನ್ನು ಬೆರೆಸಬೇಕೆಂದು ೨೦೧೮ರಲ್ಲಿ ಆಹಾರ ಸುರಕ್ಷತೆಯ ಅಧಿಕಾರಿಗಳು ನಿರ್ದೇಶಿಸಬೇಕಾಯಿತು. ಮಂಜಿನ ತಂಪಿಗೆ ಕ್ರಿಮಿಗಳು ಸಾಯುತ್ತವೆಂದು ಹಲವರು ನಂಬಿದ್ದಾರೆ. ಅದು ನಿಜವಲ್ಲ. ಚೆನ್ನಾಗಿ ಕುದಿಸಿದರೆ ಸಾಯುವ ರೋಗಾಣುಗಳಲ್ಲಿ ಅನೇಕವು ಮಂಜುಗಡ್ಡೆಯಲ್ಲಿ ಸಾಯದೆ ಮಲಗಿರುತ್ತವೆ. ಹೊಟ್ಟೆಯನ್ನು ಸೇರಿದ ಮೇಲೆ ಎಚ್ಚರಗೊಳ್ಳುತ್ತವೆ. ಟೈಫಾಯಿಡ್ ಜ್ವರ, ಒಂದು ಬಗೆಯ ಕಾಮಾಲೆ ಇವು ಹೀಗೆಯೇ ಹರಡಬಲ್ಲವು. ಹಾಗೆಂದು ಉರಿಬಿಸಿಲಿನಲ್ಲಿ ಗಾಡಿ ನೂಕಿ ಸಂಸಾರವನ್ನು ಸಾಕುವ ಮನುಷ್ಯನನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಶುದ್ಧವಾದ ಮಂಜುಗಡ್ಡೆಯನ್ನು ತರುವ ಪ್ರಾಮಾಣಿಕರೂ ಅವರಲ್ಲಿ ಇದ್ದಾರೆ. ಆದರೆ ಯಾರು ಯಾರೆಂದು ಮಂಜುಗಡ್ಡೆಯನ್ನು ನೋಡಿ ಹೇಳಲಾಗದು. ಮನೆಯ ನೀರು ಕುದಿಸಿದ್ದೆಂಬುದನ್ನು ಮಾತ್ರ ನಾವು ಬಲ್ಲೆವು.

ಎರಡನೆಯ ಕಾರಣ ವಿದ್ಯೆ. ಕನ್ನಡದಲ್ಲಿ ಹಾಲು ಮೊಸರಾಗುವುದಕ್ಕೂ ‘ಹೆಪ್ಪುಗಟ್ಟುವುದು’ ಎನ್ನುತ್ತೇವೆ. ನೀರು ಮಂಜಾಗುವುದಕ್ಕೂ ಅದೇ ಮಾತನ್ನು ಬಳಸುತ್ತೇವೆ. ಮೊಸರಿನ ಐಸ್ ಕ್ಯಾಂಡಿಯಲ್ಲಿ ಈ ಎರಡು ಹೆಪ್ಪುಗಳೂ ಕೂಡಿವೆ. ಮೊದಲನೆಯ ಹೆಪ್ಪು ಉಗುರುಬೆಚ್ಚಗಿನ ಹಾಲಿನಲ್ಲಿ ಜೀವಾಣುಗಳು ಮಾಡುವ ಕೆಲಸ. ಎರಡನೆಯದು ಬರಿಯ ಶೀತದ ಕೆಲಸ. ಒಂದೇ ಹೆಸರಿನ ಎರಡು ಕ್ರಿಯೆಗಳು ಹೇಗೆ ಬೇರೆ ಬೇರೆ ಎಂಬುದನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದು ತೋರಿಸಿದರೂ, ಕೈಯಿಂದ ಮಾಡಿದವನಿಗೆ ತಿಳಿಯುವಷ್ಟು ನೋಡಿದವನಿಗೆ ತಿಳಿಯದು.

ಈ ತಿನಿಸಿನ ಹುಟ್ಟಿನ ವೃತ್ತಾಂತವೂ ಇದಕ್ಕೆ ಸಾಕ್ಷಿಯಾಗಿದೆ. ೧೯೦೫ರಲ್ಲಿ ಅಮೇರಿಕದ ಕ್ಯಾಲಿಫೋರ್ನಿಯಾದಲ್ಲಿ ಫ್ರಾಂಕ್ ಎಪರ್ಸನ್ ಎಂಬ ಹನ್ನೊಂದು ವರ್ಷದ ಬಾಲಕನು ಪಾನಕದ ಲೋಟವನ್ನು, ಕಲಕುವ ಕಡ್ಡಿಯ ಸಹಿತ, ರಾತ್ರಿ ಮನೆಯ ಹೊರಗೆ ಮರೆತುಬಿಟ್ಟನೆಂದೂ, ಚಳಿಗೆ ಅದು ಹೆಪ್ಪುಗಟ್ಟಿ ಬೆಳಿಗ್ಗೆ ಕಡ್ಡಿಯ ಸಮೇತ ಕೈಗೆ ಬಂದಿತೆಂದೂ ಹೇಳುತ್ತಾರೆ. ದೊಡ್ಡವನಾದ ಮೇಲೆ, ೧೯೨೪ರಲ್ಲಿ, ಅವನು ಅದಕ್ಕೆ ಪೇಟೆಂಟು ಪಡೆದನು. ಮರೆಯುವುದು ಎಲ್ಲ ಮಕ್ಕಳಿಗೂ ಬರುತ್ತದೆ. ಮರೆತದ್ದರಿಂದ ಏನಾಯಿತೆಂದು ಗಮನಿಸಿ ನೋಡುವುದು ಕೆಲವರಿಗೆ ಮಾತ್ರ ಬರುತ್ತದೆ. ಆ ಗುಣವನ್ನು ಕೊಂಡು ತಿನ್ನುವುದರಿಂದ ಪಡೆಯಲಾಗದು.

ಇನ್ನು ಮಾಡುವ ಕ್ರಮ. ಎರಡು ಬಟ್ಟಲು ಗಟ್ಟಿ ಮೊಸರು, ಒಂದು ಬಟ್ಟಲು ಮಾವಿನ ಹಣ್ಣಿನ ತಿರುಳು, ಮೂರು ನಾಲ್ಕು ಚಮಚ ಸಕ್ಕರೆ, ಚಿಟಿಕೆ ಏಲಕ್ಕಿ ಪುಡಿ, ಇಷ್ಟೇ ಸಾಮಗ್ರಿ. ಮೊಸರು ನೀರಾಗಿದ್ದರೆ ತೆಳು ಬಟ್ಟೆಯಲ್ಲಿ ಕಟ್ಟಿ ಒಂದೆರಡು ಗಂಟೆ ತೂಗುಹಾಕಬೇಕು. ನೀರು ಹೆಚ್ಚಿದಷ್ಟೂ ಮಂಜಿನ ಹರಳುಗಳು ದೊಡ್ಡವಾಗಿ ಕ್ಯಾಂಡಿಯು ಹಲ್ಲಿಗೆ ಒರಟಾಗುತ್ತದೆ. ಮೊಸರಿನ ಜಿಡ್ಡು ಆ ಹರಳುಗಳು ಬೆಳೆಯದಂತೆ ತಡೆಯುತ್ತದೆ. ಮಿಶ್ರಣವು ನಾಲಗೆಗೆ ತುಸು ಹೆಚ್ಚೇ ಸಿಹಿಯಾಗಿರಲಿ. ತಣ್ಣಗಾದ ಮೇಲೆ ಸಿಹಿಯು ಕಡಿಮೆಯೆನಿಸುತ್ತದೆ. ಸಣ್ಣ ಸ್ಟೀಲಿನ ಲೋಟಗಳಿಗೆ ಸುರಿಯುವಾಗ ಕಂಠದವರೆಗೆ ತುಂಬಬಾರದು. ನೀರು ಮಂಜಾಗುವಾಗ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆಂಬ ಪಾಠವನ್ನು ಇಲ್ಲಿ ನೆನೆಯಿರಿ. ಒಂದು ಗಂಟೆಯ ತರುವಾಯ, ಅರೆಗಟ್ಟಿಯಾದಾಗ, ನಡುವೆ ಕಡ್ಡಿಯನ್ನೋ ಚಮಚವನ್ನೋ ನೆಡಬೇಕು. ಆರೆಂಟು ಗಂಟೆ ಕಳೆದ ಮೇಲೆ ಲೋಟದ ಹೊರಮೈಯನ್ನು ಕ್ಷಣಕಾಲ ನೀರಿನಲ್ಲಿ ಅದ್ದಿದರೆ ಕ್ಯಾಂಡಿಯು ತಾನಾಗಿ ಬಿಟ್ಟುಕೊಳ್ಳುತ್ತದೆ. ಅನಾನಸನ್ನು ಮಾತ್ರ ಹಸಿಯಾಗಿ ಹಾಕಬೇಡಿರಿ. ಅದರೊಳಗಿನ ಕಿಣ್ವವು ಮೊಸರಿನ ಸಸಾರಜನಕವನ್ನು ಒಡೆದು ಕಹಿ ಮಾಡುತ್ತದೆ. ಸಕ್ಕರೆಯೊಡನೆ ಬೇಯಿಸಿ ಆರಿಸಿದರೆ ಆ ದೋಷವಿಲ್ಲ.

ಇದಕ್ಕೆ ಮೂರು ಆಕ್ಷೇಪಣೆಗಳು ಬರಬಹುದು. ಹಣ್ಣನ್ನೂ ಮೊಸರನ್ನೂ ಬೆರೆಸಬಾರದೆಂದು ಮನೆಯ ಹಿರಿಯರು ಹೇಳಿಯಾರು. ಅವರ ಮಾತನ್ನು ಗೌರವದಿಂದ ಕೇಳೋಣ. ಆದರೆ ಹಬ್ಬದ ದಿನ ಅವರೇ ಕೊಡುವ ಪಂಚಾಮೃತದಲ್ಲಿ ಮೊಸರಿನ ಜೊತೆಗೆ ಬಾಳೆಹಣ್ಣೂ ಇರುವುದುಂಟು. ಮೊಸರನ್ನಕ್ಕೆ ದಾಳಿಂಬೆಯ ಕಾಳನ್ನೂ ದ್ರಾಕ್ಷಿಯನ್ನೂ ಉದುರಿಸುತ್ತೇವೆ. ನಮ್ಮ ನೆರೆಯ ಮರಾಠಿ ಮನೆಗಳಲ್ಲಿ ಮೊಸರಿಗೆ ಮಾವನ್ನು ಬೆರೆಸಿದ ಆಮ್ರಖಂಡವು ಆದರದ ಭೋಜ್ಯ. ಒಂದು ಮಗುವಿನ ಪ್ರಕೃತಿಗೆ ಅದು ಆಗದೆಂದರೆ ಆ ಮಗುವು ಬಿಡಲಿ, ಎಲ್ಲರೂ ಬಿಡಬೇಕಾಗಿಲ್ಲ.

ಹಣ್ಣು ದುಬಾರಿಯೆಂಬುದು ಎರಡನೆಯ ಆಕ್ಷೇಪಣೆ. ದೇವಗಡ, ರತ್ನಾಗಿರಿಗಳ ಆಪೂಸು ಎಲ್ಲರ ಕೈಗೆ ಎಟುಕುವುದಲ್ಲ, ನಿಜ. ಆದರೆ ಚೆನ್ನಾಗಿ ಕಳಿತ ಬಾಳೆಹಣ್ಣಿಗೂ ಬೆಲ್ಲಕ್ಕೂ ಅಷ್ಟು ಬೆಲೆಯಿಲ್ಲ. ತೀರ ಕಳಿತು ಮೆತ್ತಗಾದುದರಿಂದ ಯಾರೂ ಮುಟ್ಟದೆ ಬಿಟ್ಟ ಹಣ್ಣೇ ಕ್ಯಾಂಡಿಗೆ ಹೆಚ್ಚು ಸಿಹಿ.

ಮನೆಯಲ್ಲಿ ಫ್ರಿಜ್ಜಿಲ್ಲವೆಂಬುದು ಮೂರನೆಯದು. ಇದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಒಂದೇ ಕೋಣೆಯಲ್ಲಿ ಸಂಸಾರ ನಡೆಯುವ ಮನೆಗಳಿಂದ ಬರುವ ಮಕ್ಕಳು ನಮ್ಮಲ್ಲಿ ಇದ್ದಾರೆ. ಅಂಥವರಿಗೆ ಎರಡು ದಾರಿಗಳಿವೆ. ಪುಡಿಮಾಡಿದ ಮಂಜುಗಡ್ಡೆಗೆ ಮೂರಕ್ಕೆ ಒಂದು ಪಾಲಿನಂತೆ ಉಪ್ಪನ್ನು ಬೆರೆಸಿದರೆ ಅದರ ಉಷ್ಣತೆಯು ಸೊನ್ನೆ ಡಿಗ್ರಿಗಿಂತ ಬಹಳ ಕೆಳಗೆ, ಸುಮಾರು ೨೦ ಡಿಗ್ರಿಯಷ್ಟು ಕೆಳಗೂ, ಇಳಿಯಬಲ್ಲದು. ಭದ್ರವಾದ ಮುಚ್ಚಳವುಳ್ಳ ಸ್ಟೀಲಿನ ಡಬ್ಬಿಯಲ್ಲಿ ಮಿಶ್ರಣವನ್ನು ಹಾಕಿ ಅದರ ನಡುವೆ ಹೂಳಿದರೆ ವಿದ್ಯುತ್ತಿನ ಹಂಗಿಲ್ಲದೆ ಹೆಪ್ಪುಗಟ್ಟುತ್ತದೆ. ಉಪ್ಪುನೀರು ಒಳಗೆ ಇಳಿಯದಂತೆ ನೋಡಿಕೊಳ್ಳಬೇಕು, ಆ ಮಂಜುಗಡ್ಡೆಯನ್ನು ಬರಿಗೈಯಿಂದ ಹಿಡಿಯಬಾರದು, ಹಿರಿಯರೊಬ್ಬರು ಬಳಿಯಲ್ಲಿರಬೇಕು, ಇಷ್ಟೇ ನಿಯಮ. ಇನ್ನೊಂದು ದಾರಿ ಇದಕ್ಕಿಂತಲೂ ಸುಲಭವಾದುದು. ಫ್ರಿಜ್ಜು ಉಳ್ಳ ಮನೆಯ ಮಕ್ಕಳು ತಮ್ಮ ಲೋಟಗಳ ಪಕ್ಕದಲ್ಲಿ ಗೆಳೆಯನ ಲೋಟಕ್ಕೂ ಜಾಗ ಕೊಡಲಿ. ಗೆಳೆಯನು ಮೊಸರು ತರಲಿ, ಇವನು ತಂಪು ಕೊಡಲಿ. ಕೊಂಡು ತಿನ್ನುವಾಗ ಕಾಸಿದ್ದವನು ತಿನ್ನುತ್ತಾನೆ, ಇಲ್ಲದವನು ನೋಡುತ್ತ ನಿಲ್ಲುತ್ತಾನೆ. ಕೂಡಿ ಮಾಡುವಾಗ ನೋಡುತ್ತ ನಿಲ್ಲುವವನು ಯಾರೂ ಇರುವುದಿಲ್ಲ. ನಮ್ಮ ಮತಕ್ಕೆ ಇದು ಮೂರನೆಯ ಕಾರಣ, ಎಲ್ಲಕ್ಕಿಂತ ದೊಡ್ಡ ಕಾರಣ.

ಕೊನೆಗೆ ಒಂದು ಮಾತು. ಅಡಿಗೆಯ ಮನೆಯ ಸಂಗತಿಯೆಂದು ಹುಡುಗರು ಇದನ್ನು ತಂಗಿಯರಿಗೆ ಬಿಟ್ಟು, ತಿನ್ನುವ ಹೊತ್ತಿಗೆ ಮಾತ್ರ ಹಾಜರಾಗುವುದು ಸಲ್ಲದು. ಮೊಸರು ಕಡೆಯುವುದು, ಹಣ್ಣು ಹಿಂಡುವುದು, ಮುಖ್ಯವಾಗಿ ಕಡೆಯಲ್ಲಿ ಪಾತ್ರೆ ತೊಳೆಯುವುದು ಇಬ್ಬರಿಗೂ ಸಮಾನವಾದ ಕೆಲಸ. ಯಾವ ಹಣ್ಣು, ಎಷ್ಟು ಪ್ರಮಾಣ, ಎಷ್ಟು ಗಂಟೆಗೆ ಹೆಪ್ಪುಗಟ್ಟಿತು, ಎಲ್ಲಿ ಕೆಟ್ಟಿತು ಎಂಬುದನ್ನು ಅಚ್ಚ ಕನ್ನಡದಲ್ಲಿ ಒಂದು ಪುಟ ಬರೆದಿಡಿರಿ. ಜೂನ್ ತಿಂಗಳಲ್ಲಿ ಶಾಲೆಯು ಮತ್ತೆ ತೆರೆದಾಗ ಆ ಪುಟಗಳನ್ನು ಓದಲು ನಾವು ಕಾದಿರುತ್ತೇವೆ. ಕೆಟ್ಟುಹೋದ ಕ್ಯಾಂಡಿಯ ವರದಿಗೂ ಪೂರ್ಣ ಅಂಕಗಳು ಸಲ್ಲುವುವು.